ಪ್ಲೇಗಿನ ವೈರಿ ಹಾಫ್‌ಕಿನ್

ನನ್ನ ಅಜ್ಜಿಯ ತವರೂರು ಬನಹಟ್ಟಿ. ಪ್ಲೇಗು ಬಂದಾಗ ಊರಿಗೆ ಊರೇ ಬಾಗಿಲಿಕ್ಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿ ಬಾಳಿದ ಕಥೆಯನ್ನು ಆಕೆ ಎಷ್ಟೋ ಸಲ ಹೇಳಿದ್ದುಂಟು. ಇಲಿ ಸತ್ತು ಬಿದ್ದೊಡನೆ ಹೊರಡಬೇಕು. ಆದರೆ ನೇಕಾರನು ತನ್ನ ಕುಣಿಮಗ್ಗವನ್ನು ಬಂಡಿಗೆ ಹೇರಿಕೊಂಡು ಹೋಗಲಾದೀತೆ? ಊರು ಬಿಟ್ಟಷ್ಟು ದಿನ ಅನ್ನವನ್ನೂ ಬಿಟ್ಟಂತೆಯೇ. ಇಷ್ಟಾದರೂ ಸೂಜಿ ಚುಚ್ಚುವವರು ಬಂದರೆಂದರೆ ಹೆಂಗಸರು ಮಕ್ಕಳನ್ನು ಜೋಳದ ಹೊಲದಲ್ಲಿ ಅಡಗಿಸುತ್ತಿದ್ದರಂತೆ. ಆ ಮದ್ದನ್ನು ಕಂಡುಹಿಡಿದವನ ಹೆಸರು ಅಜ್ಜಿಗೆ ತಿಳಿದಿರಲಿಲ್ಲ. ನನಗೂ ಅದು ತಿಳಿದದ್ದು ಕಾಲೇಜು ಸೇರಿದ ಮೇಲೆಯೇ.

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಕಪ್ಪು ಸಮುದ್ರದ ತೀರದ ಒಡೆಸ್ಸಾದಲ್ಲಿ, ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದ. ಮೆಚ್ನಿಕಾಫ್ ಆತನ ಗುರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಾಲಯದ ಸಹಾಯಕನಾಗಿ ಸೇರಿದ ಈತ ಕಾಲರಾ ರೋಗಾಣುಗಳ ಬೆನ್ನು ಹತ್ತಿ, 1892ರ ಜುಲೈ 18ರಂದು ತನ್ನ ಲಸಿಕೆಯನ್ನು ತಾನೇ ಚುಚ್ಚಿಕೊಂಡ. ಮರುವರ್ಷ ಕಲ್ಕತ್ತೆಗೆ ಬಂದ.

1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. ಸರಕಾರ ಹಾಫ್‌ಕಿನ್‌ನನ್ನು ಕರೆಸಿ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಇಕ್ಕಟ್ಟಾದ ಜಾಗವೊಂದನ್ನು ಕೊಟ್ಟಿತು. ಜನನಿಬಿಡ ನಗರದ ನಡುವೆ ಆತ ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣುಗಳನ್ನೇ ಬೆಳೆಸತೊಡಗಿದ. ಸಾರಿನ ಮೇಲೆ ತುಸು ತುಪ್ಪವನ್ನು ತೇಲಿಬಿಟ್ಟರೆ ಅವು ಅದರಡಿಯಿಂದ ಬಿಳಲುಗಳಂತೆ ಇಳಿಬಿದ್ದು ಬೆಳೆಯುತ್ತಿದ್ದವು. ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದ. 1897ರ ಜನವರಿ 10ರಂದು ಮೊದಲ ಸೂಜಿ ಆತನ ಮೈಗೇ ಹೊಕ್ಕಿತು. ಜ್ವರ ಬಂದಿತು, ನೋವಾಯಿತು. ಆತ ಕೆಲಸ ನಿಲ್ಲಿಸಲಿಲ್ಲ.

ಈ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಒಬ್ಬನ ಮೈ ಮದ್ದನ್ನು ತಾಳಿಕೊಂಡಿತೆಂದರೆ ಅದು ರೋಗವನ್ನು ತಡೆಯುವುದೆಂದು ಸಿದ್ಧವಾಗಲಿಲ್ಲ. ಅದಕ್ಕೆ ಚುಚ್ಚಿಸಿಕೊಂಡವರೂ ಬೇಕು, ಚುಚ್ಚಿಸಿಕೊಳ್ಳದವರೂ ಬೇಕು. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿದಾಗ, ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ ಉಳಿದವರನ್ನು ಹಾಗೆಯೇ ಬಿಟ್ಟರು. ಉಳಿದವರಲ್ಲಿ ಬೇನೆಯೂ ಸಾವೂ ಹೆಚ್ಚಾದವು. ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಇಂದು ಅಪಾಯಕರ ವೈರಾಣುಗಳ ಸಂಶೋಧನೆಯ ವಿಷಯವಾಗಿ ನಡೆಯುವ ವಾದವನ್ನು ಓದುವಾಗಲೆಲ್ಲ ನನಗೆ ಆ ಸೆರೆಮನೆಯ ಅಂಗಳ ಕಣ್ಣಿಗೆ ಕಟ್ಟುತ್ತದೆ. ಹಾಫ್‌ಕಿನ್‌ನ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆನೇನೋ. ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ.

ಬೇನೆ ದಕ್ಷಿಣಕ್ಕೆ ಹರಿಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಸೂಜಿಗೆ ತೋಳು ಕೊಟ್ಟರು. ಜಮಖಂಡಿ, ಮುಧೋಳಗಳು ಆಗ ಸಂಸ್ಥಾನಗಳು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಪ್ಲೇಗಿಗೆ ಗಡಿಯ ಗೊಡವೆಯೇನು? ಅಜ್ಜಿ ಚುಚ್ಚಿಸಿಕೊಂಡದ್ದು ಬಹಳ ವರ್ಷಗಳ ಮೇಲೆ, ಊರಿನ ಮಾಸ್ತರರು ಎಲ್ಲರೆದುರು ಮೊದಲು ತಮ್ಮ ತೋಳು ಚಾಚಿದ ಬಳಿಕ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾತದಿಂದ ಸತ್ತರು. ವಿಚಾರಣಾ ಆಯೋಗವು ದೋಷ ಮುಂಬಯಿಯ ಪ್ರಯೋಗಶಾಲೆಯದೆಂದಿತು. ಬೇಗ ಹೆಚ್ಚು ಲಸಿಕೆ ತಯಾರಿಸುವ ಹೊಸ ಕ್ರಮದಲ್ಲಿ ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟಿದ್ದನೆಂಬುದು ಆತನ ಮೇಲಿನ ಆಕ್ಷೇಪ. ಆತನನ್ನು ಅಧಿಕಾರದಿಂದ ಇಳಿಸಿದರು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಕುದಿಸದೆ, ಕಾರ್ಬಾಲಿಕ್‌ನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಮುಂಬಯಿಯಲ್ಲೇ ಕಲಬೆರಕೆಯಾಗಿದ್ದರೆ ಅಷ್ಟು ದಿನದಲ್ಲಿ ಸೀಸೆ ನಾರಬೇಕಿತ್ತು. ತೆರೆದಾಗ ವಾಸನೆಯಿರಲಿಲ್ಲವೆಂದು ಚುಚ್ಚಿದ ವೈದ್ಯನೇ ತಿಳಿಸಿದ್ದನು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ವಾದಿಸಿ, 1907ರಲ್ಲಿ ಆತನ ಕಳಂಕ ತೊಳೆದರು. ಐದು ವರ್ಷ! ಸತ್ತ ಹತ್ತೊಂಬತ್ತು ಮಂದಿಯ ಹೆಸರುಗಳನ್ನು ಮಾತ್ರ ನಾನು ಓದಿದ ಯಾವ ಚರಿತ್ರೆಯೂ ಹೇಳಲಿಲ್ಲ.

ಹಾಫ್‌ಕಿನ್ ಮತ್ತೆ ಕಲ್ಕತ್ತೆಗೆ ಬಂದನಾದರೂ ಪ್ಲೇಗಿನ ಪ್ರಯೋಗಶಾಲೆ ಆತನ ಕೈಗೆ ಮರಳಲಿಲ್ಲ. 1925ರಲ್ಲಿ ಮುಂಬಯಿಯ ಆ ಸಂಸ್ಥೆಗೆ ಆತನ ಹೆಸರನ್ನಿಟ್ಟರು. ಮದುವೆಯಾಗದೆ ಒಂಟಿಯಾಗಿ ಬಾಳಿದ ಆತ 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡ.