ಬೆನೆಗಲ್ ನರಸಿಂಗ ರಾವ್

ಸರ್ ಬೆನೆಗಲ್ ನರಸಿಂಗ ರಾವ್ (ಫೆಬ್ರವರಿ 26, 1887 – ನವೆಂಬರ್ 30, 1953) ಭಾರತದ ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದ ಕಾನೂನು ತಜ್ಞರು. ಅವರು ಸಭೆಯ ಸದಸ್ಯರಾಗಿರಲಿಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ, ಆದರೂ ಡಾ. ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಪರಿಶೀಲನೆಗೆ ಎತ್ತಿಕೊಂಡದ್ದು 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ್ದ ಕರಡನ್ನೇ.

ಮಂಗಳೂರಿನಲ್ಲಿ ವೈದ್ಯರ ಮಗನಾಗಿ ಜನಿಸಿದ ರಾವ್, ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿ ಐ.ಸಿ.ಎಸ್. ಸೇರಿದರು, ಮುಂದೆ ಕಲ್ಕತ್ತ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1935ರ ಭಾರತ ಸರ್ಕಾರ ಕಾಯ್ದೆಗೆ ಹೊಂದುವಂತೆ ದೇಶದ ಕಾನೂನುಗಳನ್ನು ಪರಿಷ್ಕರಿಸಿದ್ದ ಅವರಿಗೆ ಕೇಂದ್ರ ಮತ್ತು ಪ್ರಾಂತ್ಯಗಳ ನಡುವಿನ ಅಧಿಕಾರ ಹಂಚಿಕೆ ಕರತಲಾಮಲಕವಾಗಿತ್ತು. ಆ ಕಾಯ್ದೆಯ ಮೂರು ಪಟ್ಟಿಗಳ ವ್ಯವಸ್ಥೆಯೇ ಇಂದು ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ.

ಹೆಚ್ಚು ಚರ್ಚೆಗೆ ಗುರಿಯಾದದ್ದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ವಿಷಯದಲ್ಲಿ ಅವರು ತಳೆದ ನಿಲುವು. ಮೊದಲ ಕರಡಿನಲ್ಲಿ ಅಮೆರಿಕದ ಮಾದರಿಯ, ಕಾನೂನಿನ ಯುಕ್ತ ಪ್ರಕ್ರಿಯೆ ಎಂಬ ರಕ್ಷಣೆಯಿತ್ತು. ಇದನ್ನು ಹಿಡಿದು ನ್ಯಾಯಾಲಯಗಳು ಸಾಮಾಜಿಕ ಶಾಸನಗಳನ್ನು ತಡೆಯಬಹುದೆಂಬ ಆತಂಕ ರಾವ್ ಅವರಿಗಿತ್ತು. ಅಮೆರಿಕ ಪ್ರವಾಸದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ನಡೆದ ಮಾತುಕತೆ ಅದನ್ನು ಬಲಪಡಿಸಿತು. ಬಳಿಕ ಕರಡು ಸಮಿತಿಯು, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಪದಗಳನ್ನು ಆಯ್ದುಕೊಂಡಿತು. ಅವೇ 21ನೆಯ ವಿಧಿಯಲ್ಲಿ ಉಳಿದವು. ವ್ಯತ್ಯಾಸ ಸಣ್ಣದಲ್ಲ: ಶಾಸಕಾಂಗ ವಿಧಿಸಿದ ಕ್ರಮದ ಪಾಲನೆಯಾದರೆ ಸಾಕು, ಆ ಕ್ರಮ ನ್ಯಾಯಯುತವೇ ಎಂದು ನ್ಯಾಯಾಲಯ ಕೇಳಬೇಕಿಲ್ಲ ಎಂಬ ಅರ್ಥಕ್ಕೆ ಅದು ಎಡೆಮಾಡಿತು. ಮುನ್ನೆಚ್ಚರಿಕೆಯ ಬಂಧನಕ್ಕೆ ಸಂಬಂಧಿಸಿದ 1950ರ ಎ. ಕೆ. ಗೋಪಾಲನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೆಯೇ ಅರ್ಥೈಸಿತು. ಕಾರ್ಯವಿಧಾನವು ನ್ಯಾಯಸಮ್ಮತವೂ ಆಗಿರಬೇಕೆಂಬ ತೀರ್ಪು ಬಂದದ್ದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ.

ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಸೇವೆ ಸಲ್ಲಿಸಿದ ರಾವ್, 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಹುದ್ದೆಯಲ್ಲಿದ್ದಾಗಲೇ ಜ್ಯೂರಿಕ್‌ನಲ್ಲಿ ನಿಧನರಾದರು.