ಸಾವಿತ್ರಿಬಾಯಿಯವರ ಜೊತೆಗಿದ್ದವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಶಿಕ್ಷಕರ ಜೀವನಚಿತ್ರ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮೊದಲು ನೆನಪಾದದ್ದು ಸಾವಿತ್ರಿಬಾಯಿ ಫುಲೆಯವರು. ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಮತ್ತೆ ಬರೆಯುವುದೇಕೆ ಎಂದು ಹಿಂಜರಿಕೆಯೂ ಆಯಿತು. ಪ್ರತಿ ವರ್ಷ ಜನವರಿ 3ರಂದು ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ, ಮಕ್ಕಳು ಭಾಷಣ ಮಾಡುತ್ತಾರೆ. ಆ ಭಾಷಣಗಳಲ್ಲಿ ಬರುವ ದೃಶ್ಯ ಹೆಚ್ಚುಕಡಿಮೆ ಒಂದೇ. ಪುಣೆಯ ಬೀದಿಯಲ್ಲಿ ಒಬ್ಬಳೇ ಹೆಣ್ಣುಮಗಳು ಶಾಲೆಗೆ ನಡೆದು ಹೋಗುತ್ತಿದ್ದಾಳೆ, ದಾರಿಯುದ್ದಕ್ಕೂ ಜನ ಸಗಣಿ, ಮಣ್ಣು ಎಸೆಯುತ್ತಿದ್ದಾರೆ, ಆಕೆಯ ಚೀಲದಲ್ಲಿ ಬದಲಿಸಲು ಇನ್ನೊಂದು ಸೀರೆ ಇದೆ.

ಆ ಅವಮಾನ ಅವರು ಪಟ್ಟದ್ದು ನಿಜ. ಆದರೆ ಬೀದಿ ಮುಗಿದು ಶಾಲೆಯ ಬಾಗಿಲು ದಾಟಿದ ಮೇಲೆ ಅಲ್ಲಿ ಅವರು ಒಬ್ಬರೇ ಇರಲಿಲ್ಲ. ಇದನ್ನು ನಾವು ಹೇಳುವುದು ಕಡಿಮೆ. ಈ ಲೇಖನ ಅದಕ್ಕಾಗಿ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲ, ತಾಯಿ ಲಕ್ಷ್ಮೀಬಾಯಿ. 1840ರಲ್ಲಿ ಮದುವೆಯಾದಾಗ ಅವರಿಗೆ ಒಂಬತ್ತು ವರ್ಷ, ಗಂಡ ಜ್ಯೋತಿರಾವ್ ಅವರಿಗೆ ಹದಿಮೂರು. ಅಕ್ಷರ ಗೊತ್ತಿರಲಿಲ್ಲ. ಗಂಡನೇ ಮನೆಯಲ್ಲಿ ಓದು ಕಲಿಸಿದರು ಎಂಬಲ್ಲಿಗೆ ನಮ್ಮ ಭಾಷಣಗಳು ನಿಲ್ಲುತ್ತವೆ. ಆದರೆ ಆ ಕಲಿಕೆಯನ್ನು ಮುಂದುವರಿಸಿದವರು ಜ್ಯೋತಿರಾವ್ ಅವರ ಗೆಳೆಯರಾದ ಸಖಾರಾಮ ಯಶವಂತ ಪರಾಂಜಪೆ ಮತ್ತು ಕೇಶವ ಶಿವರಾಮ ಭವಾಳಕರ. ಅದಾದ ಮೇಲೆ ಅಹಮದನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫೆರಾರ್ ಅವರ ಬಳಿ, ಪುಣೆಯ ನಾರ್ಮಲ್ ಶಾಲೆಯಲ್ಲಿ ಶಿಕ್ಷಕ ತರಬೇತಿಯಾಯಿತು. ಅಂದರೆ ಒಬ್ಬ ಶಿಕ್ಷಕಿಯನ್ನು ಸಿದ್ಧಮಾಡಲು ನಾಲ್ಕಾರು ಜನ ಕೈಹಾಕಿದ್ದರು. ಅವರಲ್ಲಿ ಮಾಳಿಗರಿದ್ದರು, ಬ್ರಾಹ್ಮಣರಿದ್ದರು, ಸಮುದ್ರದಾಚೆಯಿಂದ ಬಂದವರೂ ಇದ್ದರು.

1848ರಲ್ಲಿ ಪುಣೆಯ ಬುಧವಾರ ಪೇಟೆಯ ಭಿಡೆಯವರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಶಾಲೆಗೆ ಮನೆ ಕೊಟ್ಟವರು ತಾತ್ಯಾಸಾಹೇಬ ಭಿಡೆ. ಸಾವಿತ್ರಿಬಾಯಿಗೆ ಆಗ ಹದಿನೇಳು ವರ್ಷ. ಇಂದು ನಮ್ಮ ಪಿಯುಸಿ ಹುಡುಗಿಯರ ವಯಸ್ಸು! ಜೊತೆಗೆ ಸಗುಣಾಬಾಯಿ ಇದ್ದರು. ಅವರು ಜ್ಯೋತಿರಾವ್ ಅವರಿಗೆ ಸೋದರ ಸಂಬಂಧಿ, ಚಿಕ್ಕ ವಯಸ್ಸಿಗೇ ವಿಧವೆಯಾದವರು. ತಾಯಿಯಿಲ್ಲದ ಜ್ಯೋತಿರಾವ್ ಅವರನ್ನು ಎತ್ತಿ ಆಡಿಸಿ ಬೆಳೆಸಿದವರೂ ಅವರೇ.

ಮರುವರ್ಷವೇ ಪೆಟ್ಟು ಬಿತ್ತು. ಸೊಸೆ ಬೀದಿಗಿಳಿದು ಪಾಠ ಹೇಳುವುದು, ಮಗ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನು ಓದಿಸುವುದು ಊರಿನ ಬಾಯಿಗೆ ಬಿದ್ದು, ಜ್ಯೋತಿರಾವ್ ಅವರ ತಂದೆ ಗೋವಿಂದರಾವ್ ಒತ್ತಡಕ್ಕೆ ಮಣಿದರು. 1849ರಲ್ಲಿ ಗಂಡ ಹೆಂಡತಿ ಇಬ್ಬರೂ ಮನೆ ಬಿಡಬೇಕಾಯಿತು. ಆ ಹೊತ್ತಿನಲ್ಲಿ ಬಾಗಿಲು ತೆರೆದವರು ಗಂಜ್ ಪೇಟೆಯ ಉಸ್ಮಾನ್ ಶೇಖ್. ಅವರ ತಂಗಿ ಫಾತಿಮಾ ಶೇಖ್.

ಫಾತಿಮಾ ಸಾವಿತ್ರಿಬಾಯಿಯ ಜೊತೆಗೆ ಪಾಠ ಹೇಳಲು ನಿಂತರು. ಒಬ್ಬರ ಮನೆಯವರು ಹೊರಹಾಕಿದವರನ್ನು ಇನ್ನೊಬ್ಬರ ಮನೆಯವರು ಒಳಗೆ ಕರೆದುಕೊಂಡರು, ಆ ಇಬ್ಬರು ಹೆಣ್ಣುಮಕ್ಕಳು ಒಂದೇ ಶಾಲೆಯಲ್ಲಿ ಕೆಲಸ ಮಾಡಿದರು. ನೂರೆಪ್ಪತ್ತು ವರ್ಷಗಳ ಹಿಂದಿನ ಪುಣೆಯಲ್ಲಿ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಹಳ್ಳಿಯಲ್ಲಿ ಬದುಕಿದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಹರಡಿತು. 1851ರ ಜುಲೈನಲ್ಲಿ ಬುಧವಾರ ಪೇಟೆಯಲ್ಲೇ ಅಣ್ಣಾಸಾಹೇಬ ಚಿಪಳೂಣಕರರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಮೊದಲ ದಿನ ಬಂದವರು 8 ಮಕ್ಕಳು. ಸೆಪ್ಟೆಂಬರಿನಲ್ಲಿ ರಾಸ್ತಾ ಪೇಟೆಯಲ್ಲಿ ಇನ್ನೊಂದು, 1852ರ ಮಾರ್ಚಿನಲ್ಲಿ ವೇತಾಳ ಪೇಟೆಯಲ್ಲಿ ಮತ್ತೊಂದು. ಜೊತೆಗೆ ಮಹಾರ್ ಮತ್ತು ಮಾಂಗ್ ಮಕ್ಕಳಿಗಾಗಿ ಬೇರೆ ಶಾಲೆಗಳು. ಒಂದು ಶಾಲೆಯಲ್ಲಿ ವೇಳಾಪಟ್ಟಿ ಹೊಂದಿಸುವುದೇ ಎಂಥ ಸಾಹಸ ಎಂಬುದು ಮುಖ್ಯೋಪಾಧ್ಯಾಯರಾಗಿದ್ದವರಿಗೆ ಗೊತ್ತು. ಇಲ್ಲಿ ಬೇರೆ ಬೇರೆ ಪೇಟೆಗಳಲ್ಲಿ ಶಾಲೆಗಳು, ಬೆರಳೆಣಿಕೆಯ ಶಿಕ್ಷಕರು. ಸಾವಿತ್ರಿಬಾಯಿಯೊಂದಿಗೆ ವಿಷ್ಣುಪಂತ ಥತ್ತೆ, ವಾಮನರಾವ್ ಖರಾಡಕರ ಮುಂತಾದವರು ಪಾಠ ಹೇಳುತ್ತಿದ್ದರು. ಸಾವಿತ್ರಿಬಾಯಿ ಈ ಕೆಲಸಕ್ಕೆ ಸಂಬಳ ತೆಗೆದುಕೊಳ್ಳಲಿಲ್ಲ. 1852ರ ನವೆಂಬರ್ 16ರಂದು ವಿಶ್ರಾಮಬಾಗ್ ವಾಡೆಯಲ್ಲಿ ಸರ್ಕಾರದ ಪರವಾಗಿ ಮೇಜರ್ ಕ್ಯಾಂಡಿ ಶಾಲು ಹೊದಿಸಿದ್ದು ಜ್ಯೋತಿರಾವ್ ಅವರಿಗೆ. ತರಗತಿಯಲ್ಲಿ ನಿಂತ ಹೆಂಗಸರ ಹೆಗಲಿಗೆ ಆ ಶಾಲು ಬರಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಅವರ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ 1855ರಲ್ಲಿ ಒಂದು ಪ್ರಬಂಧ ಬರೆದಳು. ಮಹಾರರು ಮತ್ತು ಮಾಂಗರು ಪಡುವ ದುಃಖವೇ ಅದರ ವಿಷಯ. ಅದು ಜ್ಞಾನೋದಯ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಸ್ಲೇಟು ಮುಟ್ಟಲೂ ಬಿಡದಿದ್ದ ಕೇರಿಯ ಮಗು, ತನ್ನವರ ನೋವನ್ನು ತಾನೇ ಬರೆದು ನಾಡಿನ ಮುಂದಿಟ್ಟಿತು. ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಶಾಲು ಯಾವುದು ಬೇಕು?

ಈಗ ನಾನು ಹೇಳಬೇಕೆಂದಿರುವ ಪತ್ರಕ್ಕೆ ಬರುತ್ತೇನೆ. ಸಾವಿತ್ರಿಬಾಯಿ ಗಂಡನಿಗೆ ಬರೆದ ಮೂರು ಪತ್ರಗಳು ಇಂದಿಗೂ ಓದಲು ಸಿಗುತ್ತವೆ. ಮೊದಲನೆಯದು 1856ರ ಅಕ್ಟೋಬರ್ 10ರದು, ನಾಯಗಾಂವಿನಿಂದ ಬರೆದದ್ದು. ಅವರು ಕಾಯಿಲೆ ಬಿದ್ದು ತವರಿಗೆ ಹೋಗಿದ್ದರು. ಅಣ್ಣ ಚೆನ್ನಾಗಿ ಆರೈಕೆ ಮಾಡುತ್ತಿದ್ದಾನೆ, ಈಗ ಹುಷಾರಾಗುತ್ತಿದ್ದೇನೆ ಎಂದು ತಿಳಿಸುತ್ತಾರೆ. ಅದೇ ಅಣ್ಣ, ನೀನೂ ನಿನ್ನ ಗಂಡನೂ ಜಾತಿ ಕೆಡಿಸಿಕೊಂಡಿರಿ ಎಂದು ಮಾತು ತೆಗೆದದ್ದನ್ನು, ತಾವು ಸುಮ್ಮನಿರದೆ ವಾದಿಸಿದ್ದನ್ನು, ಕೇಳುತ್ತಿದ್ದ ತಾಯಿಯ ಮನಸ್ಸು ನೊಂದದ್ದನ್ನೂ ಬರೆಯುತ್ತಾರೆ. ಇದರ ನಡುವೆ ಪುಣೆಯ ಶಾಲೆಯ ಚಿಂತೆ. ತಾವು ಇಲ್ಲಿ ಮಲಗಿರುವಾಗ ಅಲ್ಲಿ ಫಾತಿಮಾಗೆ ಎಷ್ಟು ತೊಂದರೆಯಾಗುತ್ತಿರಬಹುದೋ ಎಂದು ಮರುಗುತ್ತಾರೆ. ಆಕೆ ಅರ್ಥ ಮಾಡಿಕೊಳ್ಳುತ್ತಾಳೆ, ಗೊಣಗುವವಳಲ್ಲ ಎಂಬ ಭರವಸೆಯನ್ನೂ ಹೇಳುತ್ತಾರೆ.

ಇಡೀ ಪತ್ರದಲ್ಲಿ ಇದು ಒಂದೆರಡು ಸಾಲಿನ ಮಾತು. ಆದರೆ ಶಾಲೆಯಲ್ಲಿ ಕೆಲಸ ಮಾಡಿದವರು ಇದನ್ನು ಓದಿದರೆ ತಟ್ಟನೆ ನಿಲ್ಲುತ್ತಾರೆ. ಜ್ವರವೋ ಹೆರಿಗೆಯೋ ಮನೆಯಲ್ಲಿ ಸಾವೋ ಬಂದು ರಜೆ ಹಾಕಿದಾಗ ನಮ್ಮ ಮನಸ್ಸಿನಲ್ಲಿ ಬರುವುದೂ ಇದೇ ಅಲ್ಲವೇ? ನನ್ನ ಎಂಟನೆಯ ತರಗತಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಎರಡು ತರಗತಿ ಸೇರಿಸಿ ಕೂರಿಸಿದ್ದಾರೋ ಏನೋ, ಅವರು ಬೇಸರ ಮಾಡಿಕೊಂಡರೋ ಏನೋ. ಸಹೋದ್ಯೋಗಿಯ ಮೇಲೆ ಭಾರ ಬಿತ್ತಲ್ಲ ಎಂಬ ಸಂಕೋಚ, ಆಕೆ ಹೊರುತ್ತಾಳೆ ಎಂಬ ನಂಬಿಕೆ, ಎರಡೂ ಒಟ್ಟಿಗೆ ಇದ್ದರೆ ಅದೇ ಒಳ್ಳೆಯ ಶಾಲೆಯ ಗುರುತು ಎಂದು ನನಗೆ ಅನ್ನಿಸಿದೆ. ಸಾವಿತ್ರಿಬಾಯಿ ಹಾಸಿಗೆ ಹಿಡಿದಾಗಲೂ ಪುಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಆ ಕೆಲಸಕ್ಕೆ ಫಾತಿಮಾ ಹೆಸರಿನಲ್ಲಿ ಪ್ರಶಸ್ತಿ ಪತ್ರ ಸಿಕ್ಕಲಿಲ್ಲ. ಗೆಳತಿಯ ಪತ್ರದ ಈ ಸಾಲುಗಳೇ ಸಾಕ್ಷಿ.

ಈ ಒಗ್ಗಟ್ಟು ಕೊನೆಯವರೆಗೆ ಹಾಗೇ ಉಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಜಾತಿಯ ಮಕ್ಕಳಿಗೆ ಓದು ಬರಹ ಲೆಕ್ಕ ಕಲಿಸಿದರೆ ಸಾಕು ಎಂದು ಆಡಳಿತ ಮಂಡಳಿಯ ಕೆಲವರು, ಒಳ್ಳೆಯದು ಕೆಟ್ಟದ್ದನ್ನು ತೂಗಿ ನೋಡುವಷ್ಟು ಕಲಿಯಬೇಕು ಎಂದು ಜ್ಯೋತಿರಾವ್. ಭಿನ್ನಾಭಿಪ್ರಾಯ ಬೆಳೆಯಿತು. 1857ರ ದಂಗೆಯ ನಂತರ ಯುರೋಪಿಯನ್ನರಿಂದ ಬರುತ್ತಿದ್ದ ಹಣವೂ ಇಳಿಯಿತು. ಜ್ಯೋತಿರಾವ್ ಮಂಡಳಿಯಿಂದ ಹಿಂದೆ ಸರಿದರು.

ದಂಪತಿಗಳ ಕೆಲಸ ಬೇರೆ ದಾರಿಯಲ್ಲಿ ಮುಂದುವರಿಯಿತು. 1863ರಲ್ಲಿ ಮೋಸಹೋದ ವಿಧವೆಯರ ಹೆರಿಗೆಗೆ, ಶಿಶುಗಳ ರಕ್ಷಣೆಗೆ ಮನೆ ತೆರೆದರು. ಅಲ್ಲಿ ಹುಟ್ಟಿದ ಮಗುವನ್ನು ದತ್ತು ತೆಗೆದುಕೊಂಡು ಯಶವಂತ ಎಂದು ಹೆಸರಿಟ್ಟು ಡಾಕ್ಟರ್ ಓದಿಸಿದರು. 1873ರಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು. 1890ರಲ್ಲಿ ಜ್ಯೋತಿರಾವ್ ತೀರಿಕೊಂಡ ಮೇಲೆ ಸಾವಿತ್ರಿಬಾಯಿ ಆ ಸಮಾಜದ ಕೆಲಸ ಹೊತ್ತರು.

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡುತ್ತಿದ್ದರು. ಯಶವಂತರು ಊರ ಹೊರಗೆ ದವಾಖಾನೆ ತೆರೆದರು, ತಾಯಿ ರೋಗಿಗಳನ್ನು ಕರೆತರುತ್ತಿದ್ದರು, ಮಗ ಔಷಧ ಕೊಡುತ್ತಿದ್ದರು. ಮುಂಢವಾ ಎಂಬಲ್ಲಿ ಮಹಾರರ ಕೇರಿಯ ಒಬ್ಬ ಹುಡುಗ ಪ್ಲೇಗಿನಿಂದ ನರಳುತ್ತಿರುವ ಸುದ್ದಿ ಬಂದಾಗ ಸಾವಿತ್ರಿಬಾಯಿ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ.