ಕೆಂಪಗೆ ಕಾದರೂ ಮೊನೆ ಬಿಡದ ಲೋಹ

ಲೇಥ್ ಮುಂದೆ ನಿಂತವರಿಗೆ ಗೊತ್ತು. ವೇಗ ತುಸು ಹೆಚ್ಚಿಸಿದರೆ ಸಾಕು, ಟೂಲ್ ಕಾದು ಮೊನೆ ಮೆತ್ತಗಾಗುತ್ತದೆ. ಮತ್ತೆ ಬಿಚ್ಚಿ ಸಾಣೆ ಹಿಡಿಯಬೇಕು. ಈ ತಲೆನೋವಿಗೆ ಮದ್ದು ಹುಡುಕಿದವರಲ್ಲಿ ಎಲ್ವುಡ್ ಹೇನ್ಸ್ ಒಬ್ಬ. ಅಮೆರಿಕದವರು ಮಾತ್ರ ಆತನನ್ನು ಕಾರು ಮಾಡಿದವನೆಂದೇ ನೆನೆಯುತ್ತಾರೆ!

1857ರಲ್ಲಿ ಇಂಡಿಯಾನಾದ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಹೇನ್ಸ್ 1881ರಲ್ಲಿ ತಾಂತ್ರಿಕ ಪದವಿ ಪಡೆದ. ಕಬ್ಬಿಣ ಮತ್ತು ಉಕ್ಕಿನ ಮೇಲೆ ಟಂಗ್‌ಸ್ಟನ್ ಬೀರುವ ಪರಿಣಾಮವೇ ಅವನ ಪ್ರಬಂಧದ ವಿಷಯ. ಓದಿದ್ದು ಲೋಹ, ಸಿಕ್ಕಿದ್ದು ಮೇಷ್ಟರ ಕೆಲಸ. ಆಮೇಲೆ ನೈಸರ್ಗಿಕ ಅನಿಲ ಕಂಪನಿಯ ಮ್ಯಾನೇಜರ್ ಆದ. ಆ ಕೆಲಸಕ್ಕಾಗಿ ಕುದುರೆಗಾಡಿಯಲ್ಲಿ ಅಲೆದು ಸಾಕಾಗಿ, 1894ರ ಜುಲೈ 4ರಂದು ಕೊಕೊಮೊ ಪಟ್ಟಣದ ಹೊರಗೆ ಒಂದು ಅಶ್ವಶಕ್ತಿಯ ಎಂಜಿನ್ ಕೂಡಿಸಿದ ಗಾಡಿ ಓಡಿಸಿದ. ಅದು ಈಗಲೂ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಕಾರಿನ ವ್ಯಾಪಾರ ನಡೆಯುತ್ತಿದ್ದರೂ ಲೋಹದ ಹುಚ್ಚು ಬಿಡಲಿಲ್ಲ. ಕುಲುಮೆಯಲ್ಲಿ ಕೋಬಾಲ್ಟ್ ಜೊತೆ ಕ್ರೋಮಿಯಂ ಕರಗಿಸುತ್ತಲೇ ಇದ್ದ. ಹೆಂಡತಿಗೆ ಕಪ್ಪಾಗದ ಚಮಚ, ಚಾಕು ಬೇಕಿತ್ತು ಎಂಬ ಕಥೆಯೂ ಇದೆ. 1907ರಲ್ಲಿ ಪೇಟೆಂಟ್ ದೊರೆಯಿತು. ಅಂದರೆ ಪದವಿ ಮುಗಿದು 26 ವರ್ಷದ ಮೇಲೆ! ನಕ್ಷತ್ರದ ಹೊಳಪಿನ ಈ ಮಿಶ್ರಲೋಹಕ್ಕೆ ಲ್ಯಾಟಿನ್ ಪದದಿಂದ ಸ್ಟೆಲೈಟ್ ಎಂದು ಹೆಸರಿಟ್ಟ. ಗಟ್ಟಿತನ ಸಾಲದೆಂದು ಮುಂದೆ ಬೆರೆಸಿದ್ದು ಯಾವುದನ್ನು ಗೊತ್ತೇ? ಕಾಲೇಜಿನ ಅದೇ ಟಂಗ್‌ಸ್ಟನ್.

ಇಂಗಾಲದೊಡನೆ ಕೂಡಿ ಕ್ರೋಮಿಯಂ, ಟಂಗ್‌ಸ್ಟನ್‌ಗಳು ಕಾರ್ಬೈಡ್ ಕಣಗಳಾಗುತ್ತವೆ. ಕೋಬಾಲ್ಟ್ ಅವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದ್ದರಿಂದಲೇ ಕೆಂಪಗೆ ಕಾದರೂ ಮೊನೆ ನಿಲ್ಲುತ್ತದೆ. ಮೊದಲ ಮಹಾಯುದ್ಧದ ಕಾರ್ಖಾನೆಗಳಿಗೆ ಬೇಕಾಗಿದ್ದೂ ಇದೇ. 1920ರಲ್ಲಿ ಸ್ಟೆಲೈಟ್ ಕಂಪನಿಯನ್ನು ಯೂನಿಯನ್ ಕಾರ್ಬೈಡ್‌ಗೆ ಮಾರಿದ. ಹೆಸರು ತಂದ ಕಾರಿನ ಕಂಪನಿ ಮಾತ್ರ ದಿವಾಳಿಯಾಯಿತು. 1925ರಲ್ಲಿ ಹೇನ್ಸ್ ತೀರಿಕೊಂಡ.

ಕತ್ತರಿಸುವ ಟೂಲ್‌ಗಳಲ್ಲಿ ಸ್ಟೆಲೈಟ್ ಜಾಗವನ್ನು ಇಂದು ಬಹುಪಾಲು ಟಂಗ್‌ಸ್ಟನ್ ಕಾರ್ಬೈಡ್ ಹಿಡಿದಿದೆ. ಆದರೆ ವಿದ್ಯುತ್ ಸ್ಥಾವರಗಳ ಉಗಿ ವಾಲ್ವ್‌ಗಳಲ್ಲಿ ಅದು ಇನ್ನೂ ಇದೆ. ಈಗ ಅದರ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಪದರದ ಮೇಲೆ ಪದರ ಕೂಡಿಸುತ್ತಾರೆ. ಲೋಹ ಬೇಗ ಆರುವುದರಿಂದ ಕಾರ್ಬೈಡ್ ಕಣಗಳು ಅಚ್ಚಿಗೆ ಹೊಯ್ದದ್ದಕ್ಕಿಂತ ಸಣ್ಣದಾಗುತ್ತವೆ, ಗಡಸುತನ ಏರುತ್ತದೆ. ಹೆಚ್ಚು ಬಿಸಿಯಲ್ಲಿ ಉಜ್ಜಿದಾಗ ಮೇಲ್ಮೈ ಮೇಲೆ ಆಕ್ಸೈಡ್‌ನ ನುಣುಪು ಪೊರೆ ಕಟ್ಟಿ ಸವೆತ ತಗ್ಗುವುದೂ ಉಂಟು. ತೊಂದರೆ ಒಂದೇ, ಬೇಗ ಆರಿದರೆ ಪದರ ಬಿರುಕು ಬಿಡುತ್ತದೆ. ಅದಕ್ಕೇ ಪುಡಿ ಸುರಿಯುವ ಮೊದಲು ಕೆಳಗಿನ ಉಕ್ಕನ್ನು ಕಾಯಿಸಿಟ್ಟುಕೊಳ್ಳುತ್ತಾರೆ.